ನಾನಾ, ಇಪ್ಪತ್ಮೂರು

ಮರಗಳನ್ನು ಕಾಯುವ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದೆ. ಅಷ್ಟೂ ವರ್ಷ ದಿನಾ ಮುಟ್ಟಿದ ಮರ ಒಂದೇ, ನನ್ನ ಮೇಜು. ಅದು ಅಪ್ಪಟ ಸಾಗವಾನಿ ಎಂದು ಬಂದ ಸಾಹೇಬರೆಲ್ಲ ತಟ್ಟಿ ತಟ್ಟಿ ಹೇಳುತ್ತಿದ್ದರು. ನಾನು ನಿವೃತ್ತಳಾಗುವ ವರ್ಷ ಅದರ ಒಂದು ಮೂಲೆ ಉಬ್ಬಿ ಪದರು ಬಿಟ್ಟಿತು, ಒಳಗೆ ಹೊಟ್ಟು ಒತ್ತಿ ಮಾಡಿದ ಹಲಗೆ ಕಂಡಿತು. ನಮ್ಮವರಿಗೆ ಮರದ ಪರಿಚಯ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ನಾನು ಈ ಮೇಜಿನ ಕತೆ ಹೇಳುತ್ತೇನೆ.

ಕಚೇರಿಯ ಹೆಸರು ಬರೆಯುವುದಿಲ್ಲ. ಬೆಳಗಾವಿಯಲ್ಲಿತ್ತು, ಈಗಲೂ ಇದೆ. ಹೋದ ತಿಂಗಳು ಅಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಸದಾಶಿವನಗರದ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. "ಮಹಾದೇವಿ ಮೇಡಂ, ನಿಮ್ಮ ಅನುಭವ ಹೇಳ್ರಿ, ನಮಗ ಉಪಯೋಗ ಆಕ್ಕೈತಿ" ಅಂದರು. ಚಹಾ, ಚೂಡಾ ಕೊಟ್ಟು ಏನೋ ಮಾತಾಡಿ ಕಳಿಸಿದೆ. ಹೇಳಬೇಕಾದ್ದನ್ನು ಎದುರಿಗೆ ಹೇಳಲು ನಾಚಿಕೆಯಾಯಿತು. ಬರೆಯುವಾಗ ಮುಖ ತೋರಿಸಬೇಕಾಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ ಎಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ಧೂಳು ಕೊಡವಿ ಓದಿಕೊಳ್ಳಲಿ.

ನಾನು ಪಾರಿಶ್ವಾಡದ ಒಕ್ಕಲುತನದ ಮನೆಯವಳು. ಹೊಲದ ಬದುವಿನ ಬೇವು, ಜಾಲಿ ಬಿಟ್ಟರೆ ಬೇರೆ ಮರದ ಗುರುತು ನನಗಿರಲಿಲ್ಲ. ಕಾಡು ಅಂದರೆ ಖಾನಾಪುರ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಓಡುವ ಹಸಿರು. ಮುಂಜಾನೆ ಲಿಂಗಪೂಜೆ ಮಾಡಿ, ಸಕಲ ಜೀವಿಗಳಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಡುತ್ತಿದ್ದೆ. ಹತ್ತೂವರೆಗೆ ಕೂತು ಮರ ಕಡಿಯುವ ಪರವಾನಗಿ ಟೈಪ್ ಮಾಡುತ್ತಿದ್ದೆ. ನಡುವೆ ಸಿಟಿ ಬಸ್ಸಿನಲ್ಲಿ ಕಾಲು ಗಂಟೆ ಸಿಗುತ್ತಿತ್ತು, ಮುಂಜಾನೆಯ ಪ್ರಾರ್ಥನೆ ಮರೆಯಲು ಅಷ್ಟು ಹೊತ್ತು ಸಾಕು.

ನನಗೆ ಕೆಲಸ ಕಲಿಸಿದವರು ದೇಶಪಾಂಡೆ ಸಾಹೇಬರು, ಆಗಿನ ಕಚೇರಿ ಅಧೀಕ್ಷಕರು. ಬಾಯಲ್ಲಿ ಸದಾ ಅಡಿಕೆ, ಕೈಯಲ್ಲಿ ಕೆಂಪು ಪೆನ್ನು. ಮೊದಲ ದಿನವೇ ಕೂರಿಸಿಕೊಂಡು ಹೇಳಿದರು.

"ನೋಡ ತಂಗೀ, ಅಡವ್ಯಾಗ ಏನದ ಅನ್ನೋದು ನಮಗ ಬ್ಯಾಡ. ಕಾಗದದಾಗ ಏನದ, ಅದ ಅಡವಿ. ಕಾಗದದಾಗ ಇಲ್ಲದ ಗಿಡ ಅಡವ್ಯಾಗ ನಿಂತಿದ್ರ ಅದು ಗಿಡದ ತಪ್ಪು."

ಆಗ ನಕ್ಕಿದ್ದೆ. ನಾಲ್ಕು ತಿಂಗಳಲ್ಲಿ ನಾನೂ ಅದನ್ನೇ ನಂಬಿದ್ದೆ.

ನಮ್ಮ ಕೆಲಸದ ಜೀವಾಳ ಒಂದು ತಖ್ತೆ. ಯಾವುದೋ ರಸ್ತೆ, ಯಾವುದೋ ಕಟ್ಟಡಕ್ಕೆ ಮರ ಅಡ್ಡ ಬರುತ್ತವೆ ಅಂದರೆ ಆ ಭಾಗದ ಕಾಡು ಕಾಯುವ ವಾಚರ್ ಹೋಗಿ ಮರ ಎಣಿಸಿ, ಬುಡಕ್ಕೆ ಬಣ್ಣದಲ್ಲಿ ನಂಬರು ಬರೆದು, ಪಟ್ಟಿ ಕಳಿಸುತ್ತಾನೆ. ಗುಮಾಸ್ತರು ಅದನ್ನು ತಖ್ತೆಗೆ ಇಳಿಸುತ್ತಾರೆ. ತಖ್ತೆಯಲ್ಲಿ ಜಾತಿಗೊಂದು ಅಂಕಣ: ಸಾಗವಾನಿ, ಬೀಟೆ, ಮತ್ತಿ, ಹೊನ್ನೆ, ನಂದಿ. ಈ ಮರಗಳಿಗೆ ಮರ್ಯಾದೆ ಉಂಟು. ಒಂದನ್ನು ಕಡಿಯಬೇಕಾದರೂ ಸಾಹೇಬರೇ ಹೋಗಿ ಕಣ್ಣಾರೆ ನೋಡಬೇಕು, ಯಾಕೆ ಕಡಿಯಬೇಕು ಎಂದು ಬರೆಯಬೇಕು. ಕೊನೆಗೆ ಒಂದು ಅಂಕಣ, 'ಇತರೆ'. ನೇರಳೆ, ಅತ್ತಿ, ಕವಳಿ, ಹೆಸರು ಗೊತ್ತಿಲ್ಲದವು, ಗೊತ್ತಿದ್ದೂ ಯಾರಿಗೂ ಬೇಡವಾದವು, ಎಲ್ಲ ಅದರೊಳಗೆ. 'ಇತರೆ'ಯನ್ನು ನೋಡಲು ಯಾರೂ ಹೋಗಬೇಕಾಗಿಲ್ಲ. ಒಂದು ಸಹಿ ಸಾಕು. ಮನುಷ್ಯರ ಉಪಯೋಗಕ್ಕೆ ಬಾರದ್ದಕ್ಕೆಲ್ಲ ಒಂದೇ ಹೆಸರಿಟ್ಟ ಆ ಪುಣ್ಯಾತ್ಮ ಯಾರೋ ತಿಳಿಯದು, ನಮ್ಮ ಕೆಲಸ ಮಾತ್ರ ಬಹಳ ಹಗುರ ಮಾಡಿದ.

ನಗುವ ಪ್ರಸಂಗಗಳಿಗೇನೂ ಕಡಿಮೆ ಇರಲಿಲ್ಲ. ನಮ್ಮ ಸದಾಶಿವನಗರದವರೇ ಒಬ್ಬರು, ನಿವೃತ್ತ ಪ್ರಾಧ್ಯಾಪಕರು, ಅರ್ಜಿ ಕೊಟ್ಟರು. ಮನೆ ಮುಂದಿನ ಮಳೆಮರದ ಎಲೆ ಉದುರಿ ಅಂಗಳ ಹೊಲಸಾಗುತ್ತದೆ, ಕಡಿಸಿಕೊಡಿ. ಮರಕ್ಕೆ ಎಲೆ ಉದುರಿಸುವುದು ಬಿಟ್ಟು ಬೇರೆ ಉದ್ಯೋಗವಿಲ್ಲ ಎಂದು ಬರೆದಿದ್ದರು. ಮಳೆಮರ 'ಇತರೆ'ಯಾದ್ದರಿಂದ ಕಡಿಸಿದೆವು. ಎರಡನೇ ಬೇಸಿಗೆಗೆ ಅದೇ ಅಕ್ಷರದ ಇನ್ನೊಂದು ಅರ್ಜಿ. ನಮ್ಮ ಓಣಿಯಲ್ಲಿ ನೆರಳೇ ಇಲ್ಲ, ಕಾರು ಕಾದ ಹಂಚಾಗುತ್ತದೆ, ಇಲಾಖೆ ನಿದ್ದೆ ಮಾಡುತ್ತಿದೆಯೇ ಎಂದು. ಎರಡನ್ನೂ ಒಂದೇ ದಾರದಿಂದ ಕಟ್ಟಿ ಕಡತದಲ್ಲಿಟ್ಟೆ. ಈಗಲೂ ಮುಂಜಾನೆ ವಾಕಿಂಗಿನಲ್ಲಿ ಭೆಟ್ಟಿಯಾಗುತ್ತಾರೆ, "ಹವಾಮಾನ ಭಾಳ ಕೆಟ್ಟೈತಿ ನೋಡ್ರಿ" ಅನ್ನುತ್ತಾರೆ. ನಾನು ಹೌದ್ರಿ ಅನ್ನುತ್ತೇನೆ.

ಇನ್ನೊಬ್ಬರು ಕೋಗಿಲೆಯ ಮೇಲೆ ತಕರಾರು ಕೊಟ್ಟಿದ್ದರು. ಐದು ಗಂಟೆಗೇ ಕೂಗುತ್ತದೆ, ನಿದ್ದೆ ಕೆಡುತ್ತದೆ. ಸಾಹೇಬರು ಓದದೆಯೇ ಅಂಚಿನಲ್ಲಿ 'ಸಂಬಂಧಪಟ್ಟವರಿಗೆ ತಿಳಿಸಿ' ಎಂದು ಬರೆದು ಕಳಿಸಿದರು. ಸಂಬಂಧಪಟ್ಟವರು ಯಾರು ಸರ್, ಕೋಗಿಲೆಯೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಪರಿಸರ ದಿನಾಚರಣೆಯಂತೂ ನಮ್ಮ ಮನೆ ಹಬ್ಬ. ಪ್ರತಿ ವರ್ಷ ಅದೇ ಕುಣಿ. ಹಿಂದಿನ ವರ್ಷದ ಒಣಗಿದ ಕಡ್ಡಿ ಕಿತ್ತು, ಹೊಸ ಸಸಿ ಇಟ್ಟು, ಅತಿಥಿಗಳು ಝಾರಿಯಿಂದ ನೀರು ಹನಿಸಿ ಫೋಟೋ ಹೊಡೆಸಿಕೊಳ್ಳುತ್ತಿದ್ದರು. 'ಮರ ಉಳಿಸಿ' ಎಂಬ ಬ್ಯಾನರನ್ನು ಆವರಣದ ಬೇವಿನ ಮರಕ್ಕೆ ನಾಲ್ಕು ಇಂಚಿನ ಮೊಳೆ ಹೊಡೆದು ಬಿಗಿಯುತ್ತಿದ್ದೆವು. ಕಾಗದ ಕಡಿಮೆ ಬಳಸಿರಿ ಎಂಬ ಸುತ್ತೋಲೆಯನ್ನು ಪ್ರತಿಯೊಬ್ಬರಿಗೂ ಮೂರು ಪ್ರತಿ ಮಾಡಿ ಹಂಚಿದವಳು ನಾನೇ. ಮೂರನೆಯದು ಯಾತಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಇಷ್ಟು ಹೊತ್ತು ಬೇರೆಯವರನ್ನು ಹಂಗಿಸಿದೆ. ಈಗ ನನ್ನ ಪಾಳಿ.

ಕಚೇರಿಯಲ್ಲಿ ನನ್ನ ಹೆಮ್ಮೆ ನನ್ನ ಕನ್ನಡ. ಕೈಬರಹ ಹೋಗಿ ಕಂಪ್ಯೂಟರ್ ಬಂದಾಗ ಕನ್ನಡ ಟೈಪಿಂಗ್ ಎಲ್ಲರಿಗಿಂತ ಮೊದಲು ಕಲಿತೆ. ನನ್ನ ಕೈಯಿಂದ ಹೋದ ಪತ್ರದಲ್ಲಿ ಒಂದು ಒತ್ತು, ಒಂದು ದೀರ್ಘ ತಪ್ಪಿರುತ್ತಿರಲಿಲ್ಲ. ಒಂದು ರಾಜ್ಯೋತ್ಸವಕ್ಕೆ ಕಚೇರಿಯವರೇ 'ಶುದ್ಧ ಕನ್ನಡ ಬಳಕೆ'ಗೆಂದು ನನಗೆ ಶಾಲು ಹೊದಿಸಿದ್ದರು. ಖಾನಾಪುರದ ಕಡೆಯಿಂದ ಬರುವ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಮರಾಠಿ ಇರುತ್ತಿತ್ತು. ಅವನ್ನು ತಿದ್ದಿ ಶುದ್ಧ ಕನ್ನಡಕ್ಕೆ ತರುವುದೆಂದರೆ ನನಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ಸಮಾಧಾನ.

ಗುಂಜಿಯ ಕಡೆಯ ವಾಚರ್ ಪುಂಡಲೀಕ ಮಾಮಾ. ದಿನಗೂಲಿಯ ಮನುಷ್ಯ, ನನಗಿಂತ ನಾಲ್ಕು ವರ್ಷ ದೊಡ್ಡವನು. ಮನೆಮಾತು ಮರಾಠಿ, ಕನ್ನಡ ಅಕ್ಷರ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಕಚೇರಿಗೆ ಬಂದಾಗಲೆಲ್ಲ ನನ್ನನ್ನು 'ತಾಯಿ' ಎಂದು ಕರೆಯುತ್ತಿದ್ದ. ನಾನು ಹತ್ತು ವರ್ಷ ಬೀಗಿದೆ, ಎಷ್ಟು ಗೌರವ ಈ ಮುದುಕನಿಗೆ ಎಂದು. ಆಮೇಲೆ ಯಾರೋ ಹೇಳಿದರು, ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಒಂದೇ ಶಬ್ದ ಎರಡು ಬಾಯಲ್ಲಿ ಎರಡು ಆಗುತ್ತದೆ ಎಂದು ಅವತ್ತೇ ಬುದ್ಧಿ ಬರಬೇಕಿತ್ತು. ನಕ್ಕು ಮರೆತುಬಿಟ್ಟೆ.

ನನ್ನ ನಿವೃತ್ತಿಯ ವರ್ಷ ಗುಂಜಿಯ ಆಚೆ, ಕಾಡಿನಂಚಿನಲ್ಲಿ, ಒಂದು ರೆಸಾರ್ಟ್ ಏಳುತ್ತಿತ್ತು. ಜನ ನಿಸರ್ಗದೊಂದಿಗೆ ಒಂದಾಗಬೇಕು ಎಂಬುದು ಅವರ ಜಾಹೀರಾತು. ಒಂದಾಗಲು ಬರುವವರ ಕಾರುಗಳು ದೊಡ್ಡವು, ಆದ್ದರಿಂದ ದಾರಿ ಅಗಲ ಮಾಡಬೇಕಿತ್ತು, ಆದ್ದರಿಂದ ದಾರಿಯ ನಿಸರ್ಗವನ್ನು ತೆಗೆಯಬೇಕಿತ್ತು. ಪುಂಡಲೀಕ ಮಾಮಾ ಎಣಿಸಿ ಪಟ್ಟಿ ಕಳಿಸಿದ. ನಾಲ್ಕೇ ಸಾಲು: ಸಾಗವಾನಿ 6, ಐನ 11, ಜಾಂಬಳ 7, ನಾನಾ 23.

ಐನ ಅಂದರೇನು ನನಗೆ ತಿಳಿಯಲಿಲ್ಲ. ಫೋನ್ ಮಾಡಿ ಕೇಳಿದೆ. "ತಾಯಿ, ನಿಮ್ಮ ಮತ್ತಿ ಗಿಡಾನ ನಮ್ಮ ಐನ" ಅಂದ. ಮತ್ತಿ ಅಂಕಣಕ್ಕೆ ಹಾಕಿದೆ. ಜಾಂಬಳ ಅಂದರೆ ನೇರಳೆ, ಅದು ನನಗೂ ಗೊತ್ತು, 'ಇತರೆ'ಗೆ ಹೋಯಿತು. ನಾಲ್ಕನೆಯದನ್ನು ಕೇಳಲಿಲ್ಲ. ಯಾಕೆ ಕೇಳಲಿ? ನಾನಾ ಅಂದರೆ ಕನ್ನಡದಲ್ಲಿ ನಾನಾ ತರಹದ, ಬಗೆಬಗೆಯ. ಪಾಪ, ಮುದುಕ ಹೆಸರು ತಿಳಿಯದ ಮರಗಳನ್ನು ಒಟ್ಟಾಗಿ ನಾನಾ ಎಂದು ಬರೆದಿದ್ದಾನೆ, ಎಷ್ಟು ಚಂದ ಕನ್ನಡ ಕಲಿತಿದ್ದಾನೆ ಎಂದು ಮೆಚ್ಚಿಕೊಂಡೆ. ಏಳು ಮತ್ತು ಇಪ್ಪತ್ಮೂರು, ಒಟ್ಟು ಇತರೆ ಮೂವತ್ತು. ಪೂರ್ಣಾಂಕ ಬಂದದ್ದಕ್ಕೆ ಖುಷಿಯೂ ಆಯಿತು. ಸಾಗವಾನಿ, ಮತ್ತಿ ನೋಡಲು ಸಾಹೇಬರು ಆಮೇಲೆ ಹೋಗಬೇಕಿತ್ತು, ಇತರೆ ಮೂವತ್ತಕ್ಕೆ ಅವತ್ತೇ ಸಹಿ ಹಾಕಿದರು.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ ಪುಂಡಲೀಕ ಮಾಮಾ ಕಚೇರಿಗೆ ಬಂದ. ತಲೆಯ ಟೊಪಿಗೆ ಕೈಯಲ್ಲಿತ್ತು, ಮುಖ ಬಾಡಿತ್ತು.

"ತಾಯಿ, ನಾನಾ ಕಡದ್ರು ರೀ."

ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಕಡೆ ಮನೆಯ ಹಿರಿಯರನ್ನು ನಾನಾ ಎಂದು ಕರೆಯುತ್ತಾರೆ. "ಅಯ್ಯ ಶಿವನ, ಯಾವ ನಾನಾ ಮಾಮಾ, ನಿಮ್ಮ ಅಣ್ಣಾರೇನು? ಪೊಲೀಸರಿಗೆ ಹೇಳಿದ್ರಿಲ್ಲೋ?"

"ಪೊಲೀಸರು ಯಾಕ ತಾಯಿ? ಪರವಾನಗಿ ನಿಮ್ಮ ಆಫೀಸಿಂದನ ಬಂದೈತಿ."

ಚೀಲದಿಂದ ಒಂದು ತೊಗಟೆ ತೆಗೆದು ನನ್ನ ಮೇಜಿನ ಮೇಲಿಟ್ಟ. ತೆಳ್ಳಗೆ, ನುಣ್ಣಗೆ, ಬೂದು ಬಿಳುಪು. ಪಕ್ಕದ ಮೇಜಿನ ಹಳೆಯ ಸರ್ವೇಯರ್ ಒಬ್ಬರು ಕತ್ತು ಚಾಚಿ ನೋಡಿ, "ನಂದಿ ಅಲ್ಲೇನ್ರಿ ಇದು? ಮರಾಠ್ಯಾಗ ನಾನಾ ಅಂತಾರ" ಅಂದರು. ಪಟ್ಟಿಯ ಇಪ್ಪತ್ಮೂರು ಮರಗಳೂ ನಂದಿ. ತಖ್ತೆಯಲ್ಲಿ ಸ್ವಂತ ಅಂಕಣವಿದ್ದ ಮರ, ಸಾಹೇಬರು ಹೋಗಿ ನೋಡದೆ ಮುಟ್ಟಬಾರದ ಮರ. ನನ್ನ ಶುದ್ಧ ಕನ್ನಡ ಅವನ್ನು ಇತರೆ ಮಾಡಿತ್ತು.

"ಒಂಬತ್ತು ಹ್ವಾದುವ್ರಿ. ಹದಿನಾಲ್ಕು ನಿಂತಾವ. ಹೂ ಬಿಟ್ಟಾವ ತಾಯಿ ಈಗ. ಲಗೂ ಏನರ ಮಾಡ್ರಿ."

ಸಾಹೇಬರ ಕೋಣೆಗೆ ಹೋದೆವು. ಹೊಸ ಸಾಹೇಬರು, ಚಿಕ್ಕ ವಯಸ್ಸು, ಮೇಜಿನ ಮೇಲೆ ಕುಂಡದಲ್ಲಿ ಮನಿ ಪ್ಲಾಂಟ್ ಇಟ್ಟುಕೊಂಡವರು. ನಂದಿ ಇತರೆಯಲ್ಲಿ ಸೇರಿದೆ ಎಂದು ಕೇಳಿದವರೇ ನಿಯಮ ಹೇಳಿದರು. ಟೈಪಿಂಗಿನಲ್ಲಿ ತಪ್ಪಾಗಿದ್ದರೆ ಟೈಪ್ ಮಾಡಿದವರು ಒಂದು ಸಾಲು ಬರೆದುಕೊಡಬೇಕು, ಅವತ್ತೇ ಪರವಾನಗಿ ನಿಲ್ಲುತ್ತದೆ. ವಾಚರನ ಪಟ್ಟಿಯೇ ತಪ್ಪಾಗಿದ್ದರೆ ಅವನನ್ನು ಕೆಲಸದಿಂದ ದೂರ ಇಟ್ಟು, ಬೇರೆಯವರಿಂದ ಮತ್ತೆ ಎಣಿಸಬೇಕು. ಅಲ್ಲಿಯವರೆಗೆ ಹಳೆಯ ಪರವಾನಗಿ ಊರ್ಜಿತ.

"ಈಗ ಹೇಳ್ರಿ, ತಪ್ಪು ಯಾರದು?" ಎಂದು ನನ್ನ ಕಡೆ ನೋಡಿದರು.

ನಾನು ಎದೆಯ ಮೇಲೆ ಕೈಯಿಟ್ಟು, ಹುಬ್ಬೇರಿಸಿ, "ನಾನಾ?" ಅಂದೆ.

ನಮ್ಮ ಕಡೆಯ ಮಾತಿನಲ್ಲಿ 'ನಾನ' ಅಂದರೆ ನಾನೇ, ಒಪ್ಪಿಗೆ. ದೀರ್ಘ ಎಳೆದು 'ನಾನಾ' ಅಂದರೆ ನಾನೇನು, ನಾನಿರಲಾರೆ ಎಂದು ಕೈ ತೊಳೆದುಕೊಳ್ಳುವ ಪ್ರಶ್ನೆ. ನಾನು ಚೆನ್ನಾಗಿ ಎಳೆದಿದ್ದೆ.

ಪಕ್ಕದಲ್ಲಿ ನಿಂತ ಪುಂಡಲೀಕ ಮಾಮಾ ತನ್ನ ಮರದ ಹೆಸರು ಕೇಳಿ ಚುರುಕಾದ. ತಾಯಿ ಕಡೆಗೂ ಸರಿಯಾಗಿ ಹೆಸರು ಹೇಳಿದರು ಅಂದುಕೊಂಡನೋ ಏನೋ. "ಹೌದ್ರಿ ಸಾಹೇಬ್ರ, ನಾನಾ. ನಾನಾನ ಬರದಿದ್ದೆ."

ಅವಸರದ ಮಾತಿನಲ್ಲಿ ದೀರ್ಘ ಎಲ್ಲಿ ನಿಲ್ಲುತ್ತದೆ? ಸಾಹೇಬರ ಕಿವಿಗೆ ಅದು 'ಹೌದು, ನಾನೇ ಬರೆದಿದ್ದೆ' ಎಂದು ಬಿತ್ತು.

"ಒಪ್ಕೊಂಡನಲ್ಲ. ಬರಕೊಳ್ರಿ ಮೇಡಂ."

ಬರೆದುಕೊಂಡೆ. 'ಪಟ್ಟಿಯಲ್ಲಿನ ಲೋಪ ತನ್ನದೆಂದು ವಾಚರ್ ಒಪ್ಪಿಕೊಂಡಿರುತ್ತಾನೆ.' ಒಂದು ಒತ್ತೂ ತಪ್ಪಿರಲಿಲ್ಲ. ಪುಂಡಲೀಕ ಮಾಮಾ ಮರ ಉಳಿಯಿತೆಂದು ಕೈ ಮುಗಿದು, ಸಹಿ ಎಂದು ತೋರಿಸಿದಲ್ಲಿ ಸಹಿ ಹಾಕಿ ಹೋದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂಬ ಕಾಗದವನ್ನೂ ನಾನೇ ಟೈಪ್ ಮಾಡಿ ಅಂಚೆಗೆ ಹಾಕಿದೆ.

ಯಾಕೆ ಬಾಯಿ ಬಿಡಲಿಲ್ಲ ಎಂದು ಹುಡುಗಿಯರು ಕೇಳಬಹುದು. ನನ್ನ ಬೀಳ್ಕೊಡುಗೆಗೆ ಹನ್ನೆರಡು ದಿನ ಬಾಕಿ ಇತ್ತು. ಅಭಿನಂದನಾ ಪತ್ರ ಅಚ್ಚಾಗಿ ಕಪಾಟಿನಲ್ಲಿತ್ತು, ನಾನೇ ಕರಡು ತಿದ್ದಿದ್ದೆ. 'ಒಂದೇ ಒಂದು ಲೋಪವಿಲ್ಲದ ಮೂವತ್ತೊಂದು ವರ್ಷದ ಸೇವೆ' ಎಂದಿತ್ತು ಅದರಲ್ಲಿ. ಆ ಸಾಲಿನ ಮೇಲೆ ನನಗೆ ಆಸೆ. ಹನ್ನೆರಡು ದಿನ ತಾನೆ, ಮರಗಳೇನು ಓಡಿ ಹೋಗುತ್ತವೆಯೇ, ಆಮೇಲೆ ಬರೆದುಕೊಟ್ಟರಾಯಿತು ಎಂದುಕೊಂಡೆ. ಮರಗಳ ಕಷ್ಟವೇ ಅದು, ಓಡಿ ಹೋಗಲು ಬರುವುದಿಲ್ಲ.

ಆ ಹನ್ನೆರಡು ದಿನ ಮುಂಜಾನೆ ಪೂಜೆಗೆ ಕೂತರೆ ಸಕಲ ಜೀವಿಗಳಿಗೂ ಎಂಬ ಸಾಲು ಹಾರಿಸಿ ಏಳುತ್ತಿದ್ದೆ. ಆದರೂ ಹತ್ತೂವರೆಗೆ ಸರಿಯಾಗಿ ಹೋಗಿ ಕೂಡುತ್ತಿದ್ದೆ. ಪುಂಡಲೀಕ ಮಾಮಾನ ಫೋನ್ ಎರಡು ಸಲ ಬಂತು, ನಾನು ಎತ್ತಲಿಲ್ಲ.

ಬೀಳ್ಕೊಡುಗೆ ಭರ್ಜರಿಯಾಯಿತು. ಹಾರ, ಶಾಲು, ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ, ಚೌಕಟ್ಟು ಹಾಕಿದ ಒಂದು ಮರದ ಚಿತ್ರ. ಸಾಹೇಬರು ನನ್ನನ್ನು ಹಸಿರಿನ ಸೇವಕಿ ಅಂದರು. ಅಭಿನಂದನಾ ಪತ್ರ ಓದಿದಾಗ ಚಪ್ಪಾಳೆ ಬಿತ್ತು. ಆ ಸಾಲು ಬಂದಾಗ ನಾನು ನೆಲ ನೋಡುತ್ತಿದ್ದೆ, ಎಲ್ಲರೂ ವಿನಯ ಅಂದುಕೊಂಡರು. ಖಾರಾ, ಪೇಢೆ ಮುಗಿದ ಮೇಲೆ ಹಾರ ಹಾಕಿಕೊಂಡೇ ನನ್ನ ಮೇಜಿಗೆ ಹೋಗಿ ಎರಡು ಸಾಲು ಟೈಪ್ ಮಾಡಿದೆ. 'ನಂದಿ ಮರಗಳನ್ನು ಇತರೆ ಎಂದು ತಪ್ಪಾಗಿ ನಮೂದಿಸಿದವಳು ನಾನು. ವಾಚರನ ಪಟ್ಟಿಯಲ್ಲಿ ಯಾವ ತಪ್ಪೂ ಇಲ್ಲ.'

ಸಾಹೇಬರು ಓದಿ ನನ್ನನ್ನೂ ಹಾರವನ್ನೂ ನೋಡಿದರು. "ಈಗ್ಯಾಕ ಬೇಕಿತ್ತ ಮೇಡಂ ಇದು? ಎಲ್ಲಾ ಚಂದ ಮುಗದಿತ್ತಲ್ಲ."

"ಮುಗದಿಲ್ಲರಿ. ಇನ್ನೂ ಹದಿನಾಲ್ಕು ಅದಾವ" ಅಂದೆ.

ಅವರು ಒಳ್ಳೆಯ ಮನುಷ್ಯ. ಅಲ್ಲೇ ಫೋನ್ ಮಾಡಿ ಕೆಲಸ ನಿಲ್ಲಿಸಿದರು. ಫೋನ್ ಇಟ್ಟು, "ಹದಿನಾಲ್ಕಲ್ಲ, ಐದು ಉಳದಾವಂತ" ಅಂದರು. ಹನ್ನೆರಡು ದಿನಕ್ಕೆ ಒಂಬತ್ತು ಮರ. ನನ್ನ ಅಭಿನಂದನಾ ಪತ್ರದ ಆ ಒಂದು ಸಾಲಿನಲ್ಲಿ ಅಷ್ಟು ಶಬ್ದಗಳೂ ಇರಲಿಲ್ಲ.

ಪುಂಡಲೀಕ ಮಾಮಾನನ್ನು ಮರಳಿ ಕೆಲಸಕ್ಕೆ ಕರೆದರು. ಮರುವಾರ ನಾನು ಮುಂಜಾನೆ ರೈಲಿಗೆ ಗುಂಜಿಗೆ ಹೋದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಸ್ಟೇಷನ್ನಿನಲ್ಲಿ ಇಳಿದದ್ದು. ಅವನು ಸೈಕಲ್ ಹಿಡಿದು ನಿಂತಿದ್ದ. ಬೈಯಲಿ ಎಂದು ಕಾದೆ. "ಬರ್ರಿ ತಾಯಿ, ಊಟ ಇಲ್ಲೇ ಮಾಡಬೇಕ ಮತ್ತ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ದಾರಿಯುದ್ದಕ್ಕೂ ಕೊರಡುಗಳು. ಒಂದೊಂದರ ಬುಡದಲ್ಲಿ ಅವನ ಕೈಯ ಬಿಳಿ ನಂಬರು ಹಾಗೇ ಇತ್ತು. ಒಂದು ತಿರುವಿನಲ್ಲಿ ನಿಂತ.

"ಇಲ್ಲಿ ಏಳು ಜಾಂಬಳ ಇದ್ದುವ್ರಿ. ಈ ಹೊತ್ತಿಗೆ ಹಣ್ಣ ಬಿದ್ದು ದಾರಿ ನೀಲಿ ಆಗತಿತ್ತು. ಕರಡಿ ಬರತಿತ್ತು, ಹಕ್ಕಿ ಬರತಿದ್ದುವು. ಅವಕ್ಕ ಏನ ಬರದ್ರಿ ತಾಯಿ, ತಪ್ಪಾತು ಅಂತ?"

"ಅದರಾಗ ತಪ್ಪಿರಲಿಲ್ಲ ಮಾಮಾ. ನೇರಳೆ ಖರೇನ ಇತರೆ ಒಳಗ ಬರತೈತಿ."

"ಹಂಗಂದ್ರ ಅವು ಬರೋಬ್ಬರಿ ಕಡದಂಗಾತೇನ್ರಿ?"

ಅವನು ಚುಚ್ಚಲು ಕೇಳಲಿಲ್ಲ, ತಿಳಿಯದೆ ಕೇಳಿದ. ತಪ್ಪಾಗಿ ಕಡಿದ ಹದಿನೆಂಟು ಮರಗಳಿಗೆ ನಾನು ನಿದ್ದೆಗೆಟ್ಟಿದ್ದೆ. ಒಂದು ಒತ್ತಕ್ಷರವೂ ತಪ್ಪದೆ ಮೂವತ್ತೊಂದು ವರ್ಷ ಕಡಿಸಿದ್ದನ್ನು ಯಾವ ಪತ್ರ ಬರೆದು ತಿದ್ದಲಿ? ಹೊಸದಾಗಿ ಸೇರಿದವರು ತಖ್ತೆ ತುಂಬುವಾಗ ಕೊನೆಯ ಅಂಕಣದ ಹತ್ತಿರ ಈ ಮುದುಕನನ್ನು ಸ್ವಲ್ಪ ನೆನೆಯಿರಿ.

ಆ ಐದು ಮರಗಳು ದಾರಿಯ ಕೊನೆಗಿದ್ದವು. ಎತ್ತರಕ್ಕೆ ನೆಟ್ಟಗೆ ಹೋಗಿ, ಮೇಲೆ ಬಿಳಿ ಹೂವಿನ ಗೊಂಚಲು. ಕೆಳಗೆ ಎಸಳು ಉದುರಿ ಬಿದ್ದಿದ್ದವು. ಪುಂಡಲೀಕ ಮಾಮಾ ಹತ್ತಿರದ ಮರದ ಮೈ ತಟ್ಟಿದ, ಮನೆಗೆ ಬಂದವರಿಗೆ ಹಿರಿಯರ ಪರಿಚಯ ಮಾಡಿಕೊಡುವವನ ಹಾಗೆ.

"ತಾಯಿ, ಇದ ನೋಡ್ರಿ."

ಚಪ್ಪಲಿ ಕಳೆದು ಹೋಗಿ ಕೈಯಿಟ್ಟೆ. ತಣ್ಣಗಿತ್ತು. ಹೇಳಬೇಕೆಂದು ಬಂದದ್ದನ್ನು ಮರಕ್ಕೆ ಹೇಳಿದೆ, ಮೆಲ್ಲಗೆ, ಒಂದೇ ಶಬ್ದ.

"ನಾನ."

ಪುಂಡಲೀಕ ಮಾಮಾ ಹಿಂದಿನಿಂದ ನಕ್ಕ. ಇಷ್ಟಾದರೂ ಹೆಸರು ಹೇಳಲು ಬರಲಿಲ್ಲ ಅಂದುಕೊಂಡ. "ನಾನ ಅಲ್ರಿ ತಾಯಿ, ನಾನಾ. ದೀರ್ಘ ಐತಿ."

"ಇಲ್ಲ ಮಾಮಾ," ಅಂದೆ. "ಈ ಸಲ ಇಲ್ಲ."